ಆರು ಬೆರಳು ವಾಲಿದ ಕಂಬ

ಮೇ 28, ಬೆಳಿಗ್ಗೆ ಏಳು

ಚಹಾ ಆಯಿತು. ಸಕ್ಕರೆ ಇಲ್ಲ. ಇವಳನ್ನು ಕೇಳಿದರೆ ಡಾಕ್ಟರ ಹೆಸರು ಹೇಳುತ್ತಾಳೆ, ಡಾಕ್ಟರನ್ನು ಕೇಳಿದರೆ ಇವಳ ಹೆಸರು. ಬಚ್ಚಲ ಗೋಡೆಯಲ್ಲಿ ಬಿರುಕು, ಕೂದಲೆಳೆಯಷ್ಟು. ಸಿಮೆಂಟ್ ತುಂಬಿದೆ. ಅರ್ಧ ಬಾಂಡ್ಲಿ ಸಾಕಾಯಿತು.

ಗಾರೆ ಕೆಲಸ ಬಿಟ್ಟು ಆರು ವರ್ಷ. ದಿನದ ಕೆಲಸ ಬರೆದಿಡುವ ಚಟ ಬಿಟ್ಟಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ನಾನು. ನನ್ನನ್ನು ಕೆಲಸಕ್ಕೆ ಹಚ್ಚಿದ ಮೇಸ್ತ್ರಿ ಕಪಾಳಕ್ಕೆ ಬಾರಿಸಿ ಕಲಿಸಿದ್ದು ಒಂದೇ — ಅಳತೆ ತೆಗೆದೆಯಾ, ಬರೆದಿಡು.

ಹಿತ್ತಲಾಚೆ ಗುಡ್ಡದಲ್ಲಿ ನೆಟ್ಟ ಡಬ್ಬಿ ಕಂಬ ವಾಲಿದೆ. ತಿಂಗಳೂ ಆಗಿಲ್ಲ ನೆಟ್ಟು. ಮೂರು ಕಂಬ ನೆಟ್ಟರು. ಎರಡು ಮೇಲೆ ಪೊದೆಯೊಳಗೆ, ಒಂದು ನನ್ನ ಕಣ್ಣೆದುರಿಗೆ. ಕಬ್ಬಿಣದ ಪೈಪು, ತುದಿಗೆ ಬಿಳಿ ಡಬ್ಬಿ, ಅದರ ನೆತ್ತಿಗೆ ಸೋಲಾರ್ ತಗಡು. ಗುಡ್ಡ ಜರುಗಿದರೆ ಡಬ್ಬಿಗೆ ತಿಳಿಯುತ್ತದಂತೆ. ಕೂಡಲೇ ನಮ್ಮ ಬೀದಿಯ ಹದಿನಾಲ್ಕು ಮನೆಯ ಫೋನೂ ಕೂಗಿಕೊಳ್ಳುತ್ತದಂತೆ, ಅದಕ್ಕೊಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ಕೂಗಲಿ, ಬೇಡ ಎಂದವರಾರು. ಆದರೆ ನೆಡುವುದನ್ನು ನೆಟ್ಟಗೆ ನೆಡಲು ಏನು ರೋಗ?

ತೂಗುಗುಂಡು ಇಳಿಬಿಟ್ಟು ನೋಡಿದೆ. ಬುಡದ ಹತ್ತಿರ ದಾರಕ್ಕೂ ಪೈಪಿಗೂ ಅರ್ಧ ಬೆರಳು ಸಂದು. ನಮ್ಮ ಮನೆ ಕಡೆಗೇ ವಾಲಿದೆ. ಭುಜ ಕೊಟ್ಟು ನಿಧಾನ ತಳ್ಳಿ ನೆಟ್ಟಗೆ ಮಾಡಿದೆ. ಬುಡಕ್ಕೆ ಎರಡು ಕಲ್ಲು ಬಿಗಿದು ಮಣ್ಣು ಮುಚ್ಚಿದೆ. ಈಗ ಕಣ್ಣಿಗೆ ತಂಪು.

ಜೂನ್ 6

ಕಂಬ ಮತ್ತೆ ವಾಲಿದೆ. ಒಂದು ಬೆರಳು. ನೆಟ್ಟವನ ಕೈಗೆ ಕರಣೆ ಕೊಟ್ಟವರು ಯಾರು! ಇನ್ನೂ ಮೂರು ಕಲ್ಲು ಬಿಗಿದೆ.

ಇವಳು ಬಾಗಿಲಲ್ಲಿ ನಿಂತು, "ಸರ್ಕಾರದ ಕಂಬಕ್ಕೆ ನೀವ್ಯಾಕ್ರೀ ಹೆಗಲು ಕೊಡ್ತೀರಿ?" ಎಂದಳು.

"ದಿನಾ ಬೆಳಿಗ್ಗೆ ಎದ್ದು ನೋಡೋಕೆ ಸೊಟ್ಟ ಮುಖ ಒಂದೇ ಸಾಕು," ಎಂದೆ.

ಮಧ್ಯಾಹ್ನ ಊಟ ಬಡಿಸಿದಳು, ತಟ್ಟೆ ಸದ್ದಾಗುವ ಹಾಗೆ.

ಜೂನ್ 14, ಸಂಜೆ

ಎಂಥ ದಿನ!

ಕಂಬ ಒಂದೂವರೆ ಬೆರಳು ವಾಲಿತ್ತು. ಭುಜಕ್ಕೆ ಬಗ್ಗಲಿಲ್ಲ. ಹಾರೆ ತಂದು ಬುಡಕ್ಕೆ ಕೊಟ್ಟು ಒಂದೇ ಎಳೆತ ಎಳೆದೆ. ನೆಟ್ಟಗಾಯಿತು. ಅಷ್ಟರಲ್ಲಿ ಜೇಬಿನ ಫೋನು ಕಿರುಚಲು ಶುರು — ಅದು ಫೋನಿನ ಸದ್ದಲ್ಲ, ಹಂದಿ ಕೊಯ್ದ ಹಾಗೆ. ಕೆಳಗೆ ಮನೆ ಮನೆಯಲ್ಲೂ ಅದೇ. ಗುಡ್ಡ ಬಂತು ಅಂದುಕೊಂಡೆ. ಹಾರೆ ಅಲ್ಲೇ ಬಿಸಾಕಿ ಓಡಿದೆ. ಇವಳ ಕೈ ಹಿಡಿದೆ, ಸೊಸೆಯನ್ನು ಕೂಗಿದೆ. ಬೀದಿಯವರೆಲ್ಲ ದೊಡ್ಡ ರಸ್ತೆಗೆ. ತುಂತುರು ಮಳೆ. ಒಬ್ಬಳ ತಲೆಗೆ ಸೋಪು ನೊರೆ, ಒಬ್ಬನ ಕಾಲಿಗೆ ಒಂದೇ ಚಪ್ಪಲಿ. ಕೆಳಸಾಲಿನ ಟೈಲರ್ ಯಾರದೋ ಅರ್ಧ ಹೊಲಿದ ಪ್ಯಾಂಟು ಹೆಗಲಿಗೆ ಹಾಕಿಕೊಂಡು ಬಂದಿದ್ದ.

ಎರಡು ತಾಸು ನಿಂತೆವು. ಗುಡ್ಡ ಅಲ್ಲಾಡಲಿಲ್ಲ. ಒಂದು ಕಲ್ಲೂ ಉರುಳಲಿಲ್ಲ.

ಸುಳ್ಳು ಡಬ್ಬಿ! ನಾಲ್ಕು ಮಾತು ಚೆನ್ನಾಗಿ ಬೈದೆ. ಎಲ್ಲರಿಗಿಂತ ಜೋರು ನಾನೇ.

ಜೂನ್ 15

ಟೈಲರ್ ಆ್ಯಪ್ ಕಿತ್ತು ಹಾಕಿದನಂತೆ. ಅವನನ್ನು ನೋಡಿ ಇನ್ನೂ ಏಳೆಂಟು ಮನೆಯವರು.

"ಮೇಸ್ತ್ರಿ, ಡಬ್ಬಿಗಿಂತ ನಮ್ಮತ್ತೆ ವಾಸಿ," ಎಂದ. "ಅವರು ಕೂಗಿದ್ರೆ ಏನಾದ್ರೂ ಆಗೇ ಆಗುತ್ತೆ."

ನಕ್ಕೆ. ಅವನ ಮಾತಿಗೆ ನಾನು ನಗುವುದು ಕಡಿಮೆ.

ಜೂನ್ 17

ಕಂಬ ನೆಟ್ಟ ಆಫೀಸಿನಿಂದ ಒಬ್ಬ ಹೆಂಗಸು ಬಂದಿದ್ದರು. ನಲವತ್ತು ದಾಟಿರಬೇಕು. ಮೊಣಕಾಲ ತನಕ ಕೆಸರು, ಬೆನ್ನಿಗೆ ಲ್ಯಾಪ್‌ಟಾಪು. ಇವಳು ಆಗಲೇ ಹೆಸರಿಟ್ಟಳು, ಡಬ್ಬಿಯಮ್ಮ. ಗುಡ್ಡ ಹತ್ತಿ ಮೂರು ಕಂಬವನ್ನೂ ತಡವಿ ನೋಡಿ, ನಮ್ಮ ಮನೆ ಮೇಜಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿದರು. ಪರದೆಯ ಮೇಲೆ ಒಂದು ಗೆರೆ. ಮೆಲ್ಲಗೆ ಏರುತ್ತದೆ, ದಡಕ್ಕನೆ ಬೀಳುತ್ತದೆ. ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಗರಗಸದ ಹಲ್ಲಿನ ಹಾಗೆ.

"ಡಬ್ಬಿ ಸರಿಯಾಗೇ ಇದೆ ಯಜಮಾನ್ರೇ. ನನಗೆ ತಲೆಬುಡ ತಿಳೀತಿಲ್ಲ. ಮಣ್ಣು ಜರುಗಿದ್ರೆ ಕಂಬ ವಾಲುತ್ತೆ. ಆ ವಾಲೋದನ್ನ ನೋಡೋಕೇ ಕಂಬ ನೆಟ್ಟಿರೋದು. ಆದ್ರೆ ಈ ಕಂಬ ವಾಲಿ, ವಾಲಿ, ಮತ್ತೆ ತಾನೇ ನೆಟ್ಟಗಾಗಿದೆ. ಜಾರಿದ ಮಣ್ಣು ಹಿಂದಕ್ಕೆ ಹತ್ತುತ್ತಾ, ಹೇಳಿ?"

ಚಹಾ ಲೋಟ ಕೆಳಗಿಟ್ಟೆ.

"ಯಾರಾದ್ರೂ ಮುಟ್ಟಿರಬಹುದಾ?" ಎಂದು ಕೇಳಿದರು.

"ದನ ಗಿನ ಬೆನ್ನು ಉಜ್ಜಿರಬೇಕು," ಎಂದೆ.

ಇವಳು ಒಲೆಯ ಹತ್ತಿರ ನಿಂತಿದ್ದಳು. ನನ್ನ ಕಡೆ ತಿರುಗಿ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಜೂನ್ 18

ಬರೆಯುವಂಥ ಕೆಲಸ ಮಾಡಲಿಲ್ಲ.

ಜೂನ್ 22, ಸಂಜೆ ಐದು

ನಾಲ್ಕು ದಿನದಿಂದ ಮಳೆ. ಬಿಡುವೇ ಇಲ್ಲ. ಬಚ್ಚಲ ಬಿರುಕು ನಾನು ತುಂಬಿದ ಸಿಮೆಂಟನ್ನು ಸೀಳಿಕೊಂಡು ಮತ್ತೆ ಬಾಯಿ ಬಿಟ್ಟಿದೆ. ಈಗ ಕಿರುಬೆರಳು ಹೋಗುತ್ತದೆ.

ಬೆಳಿಗ್ಗೆ ಸೊಸೆ ಫೋನು ನೋಡಿ, "ಮಾವ, ನಮ್ಮ ಹಿಂದಿನ ಕಂಬ ಇನ್ನು ಲೆಕ್ಕಕ್ಕಿಲ್ಲವಂತೆ," ಎಂದಳು. ಅದರ ಮಾತು ತಾಳಮೇಳವಿಲ್ಲದ್ದು, ಹಾಗಾಗಿ ಬೇರೆ ಕಂಬ ನೆಡುವ ತನಕ ಮೇಲಿನ ಎರಡನ್ನು ಮಾತ್ರ ನಂಬುತ್ತಾರಂತೆ. ಆ ಎರಡು ಅಲ್ಲಾಡಿಯೇ ಇಲ್ಲ.

ಕೊಡೆ ಹಿಡಿದು ಹಿತ್ತಲಿಗೆ ಹೋದೆ. ಹದಿನಾಲ್ಕರಿಂದ ಈಚೆಗೆ ಕಂಬವನ್ನು ಮುಟ್ಟಿಲ್ಲ. ಹೆದರಿಕೆ. ದಾರ ಇಳಿಬಿಟ್ಟೆ. ಮೂರು ಬೆರಳು. ನಿನ್ನೆ ಬೆಳಿಗ್ಗೆ ಅಳೆದಾಗ ಒಂದೇ ಇತ್ತು. ಒಂದು ಹಗಲು ಒಂದು ರಾತ್ರಿಯಲ್ಲಿ ಎರಡು ಬೆರಳು.

ಐವತ್ತು ವರ್ಷ ಗೋಡೆ ಕಟ್ಟಿದ್ದೇನೆ. ವಾಲುವ ಗೋಡೆ ಯಾವಾಗ ಬೀಳುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ನಿಧಾನ. ಆಮೇಲೆ ಅವಸರ.

ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಎದ್ದೆ. ಕೂತೆ. ಇವಳು, "ಮೊಟ್ಟೆ ಇಡೋ ಕೋಳಿ ಥರ ಯಾಕ್ರೀ ಆಡ್ತೀರಿ? ಹೇಳೋದಿದ್ರೆ ಹೇಳಿ ಬಿಡಿ, ಆಯಮ್ಮ ನಿಮ್ಮನ್ನೇನು ನೇಣಿಗೆ ಹಾಕ್ತಾಳಾ?" ಎಂದಳು. ಎಲ್ಲಾ ಗೊತ್ತು ಇವಳಿಗೆ. ಐದು ದಿನದಿಂದ ಗೊತ್ತು.

ಸೊಸೆಯ ಹತ್ತಿರ ಡಬ್ಬಿಯಮ್ಮನಿಗೆ ಫೋನು ಹಚ್ಚಿಸಿದೆ.

"ಅಮ್ಮಾ, ಮೊನ್ನೆ ಒಂದು ದನ ಅಂದಿದ್ದೆನಲ್ಲ..."

"ಹೂಂ, ಹೇಳಿ."

"ಅದು ನಾನೇ."

"ಎಷ್ಟು ಸಲ?" ಎಂದರು.

"ಮೂರು. ಎಲ್ಲಾ ಬರೆದಿಟ್ಟಿದ್ದೇನೆ. ತಾರೀಕು, ಅಳತೆ."

"ಬರೆದಿಟ್ಟಿದ್ದೀರಾ?" ದನಿಯೇ ಬೇರೆಯಾಯಿತು. "ಅಲ್ಲೇ ಇರಿ. ಕಂಬ ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಮುಟ್ಟಬೇಡಿ."

ಮುಕ್ಕಾಲು ತಾಸಿಗೆ ವ್ಯಾನು ಬಂತು. ಬೈಗುಳಕ್ಕೆ ಮೈ ಒಡ್ಡಿ ನಿಂತಿದ್ದೆ. ಅವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, "ಬೈಯೋಕೆ ಈಗ ಟೈಮಿಲ್ಲ. ಕೈ ಕೊಡಿ," ಎಂದರು. ಚಾಚಿದೆ. ಚೀಲದಿಂದ ಉಕ್ಕಿನ ಪಟ್ಟಿ ತೆಗೆದು ನನ್ನ ತೋರುಬೆರಳಿನ ದಪ್ಪ ಅಳೆದರು! ಮೂರು ಸಲ ಅಳೆದರು. ಐವತ್ತು ವರ್ಷ ಈ ಬೆರಳಲ್ಲಿ ಊರೆಲ್ಲ ಅಳೆದೆ, ಬೆರಳನ್ನು ಅಳೆದವರು ಇವರೇ ಮೊದಲು. ಈ ಪುಸ್ತಕದಿಂದ ನಾನು ಓದುತ್ತಾ ಹೋದೆ, ಅವರು ಲ್ಯಾಪ್‌ಟಾಪಿನಲ್ಲಿ ಒತ್ತುತ್ತಾ ಹೋದರು. ಅರ್ಧ. ಒಂದು. ಒಂದೂವರೆ. ಮೂರು. ಒಟ್ಟು ಆರು ಬೆರಳು.

ಪರದೆಯಲ್ಲಿ ಗರಗಸದ ಹಲ್ಲೆಲ್ಲ ಮಾಯವಾಗಿ ಒಂದೇ ಗೆರೆ ಆಯಿತು. ಮೆಲ್ಲಗೆ ಏರಿ ಏರಿ, ತುದಿಯಲ್ಲಿ ಏಣಿ ಇಟ್ಟ ಹಾಗೆ ನೆಟ್ಟಗೆ ನಿಂತಿದೆ. ನೆಟ್ಟಗಿದ್ದದ್ದನ್ನು ನೋಡಿ ನಾನು ಹೆದರಿದ್ದು ಜೀವಮಾನದಲ್ಲಿ ಇದೇ ಮೊದಲು.

"ಗುಡ್ಡದ ಮೇಲ್ಭಾಗ ಗಟ್ಟಿ ಇದೆ. ಕೆಳಭಾಗ ಬಿಟ್ಟುಕೊಂಡಿದೆ. ನಾಳೆ ಮಧ್ಯಾಹ್ನದೊಳಗೆ ಬೀದಿ ಖಾಲಿ ಆಗ್ಬೇಕು," ಎಂದರು. ಆಮೇಲೆ ಒಂದು ಮಾತು: "ಯಜಮಾನ್ರೇ, ನೀವು ಕಂಬ ಮುಟ್ಟಿದ್ದಕ್ಕೆ ಸಿಟ್ಟಿದೆ. ಬರೆದಿಟ್ಟಿದ್ದಕ್ಕೆ ಏನು ಹೇಳ್ಲಿ ಗೊತ್ತಾಗ್ತಿಲ್ಲ."

ಪುಸ್ತಕ ಮಡಚಿ ಕಂಕುಳಿಗಿಟ್ಟೆ.

ಗುಡ್ಡಕ್ಕೆ ಹತ್ತಿರದ ಮನೆ ನಿಮ್ಮದು, ಮೂವರೂ ಇವತ್ತೇ ಹೊರಟು ಹೋಗಿ ಎಂದರು. ಇವಳನ್ನೂ ಸೊಸೆಯನ್ನೂ ವ್ಯಾನಿನಲ್ಲಿ, ಆಸರೆಗೆಂದು ತೆರೆದ ಶಾಲೆಗೆ ಕಳಿಸಿದೆ. ನಾನು ದೊಡ್ಡ ರಸ್ತೆಯ ಸಿಮೆಂಟ್ ಅಂಗಡಿಯಲ್ಲಿ ಮಲಗುತ್ತೇನೆ. ಬೆಳಿಗ್ಗೆ ಕೆಲಸವಿದೆ.

ಜೂನ್ 23, ಬೆಳಿಗ್ಗೆ ಹನ್ನೊಂದೂವರೆ, ಶಾಲೆಯ ಜಗಲಿ

ಬೇಗ ಬೇಗ ಬರೆಯುತ್ತೇನೆ. ಆಮೇಲೆ ಮರೆತು ಹೋಗುತ್ತದೆ.

ಆರು ಗಂಟೆಗೆ ಫೋನು ಕೂಗಿತು. ಆ್ಯಪ್ ಇಟ್ಟುಕೊಂಡಿದ್ದ ಐದು ಮನೆಯವರಲ್ಲಿ ಎರಡು ಮನೆಯವರು ಹೊರಗೆ ಬಂದರು. ಮಿಕ್ಕವರು ಕಿಟಕಿಯಿಂದ ಇಣುಕಿ ಮುಸುಕು ಹೊದ್ದರು. ಡಬ್ಬಿಯಮ್ಮ ಮೈಕಿನಲ್ಲಿ ಕೂಗಿದರು. ಒಬ್ಬ ಹಲ್ಲುಜ್ಜುತ್ತಾ, "ಮೊನ್ನೆ ಎರಡು ತಾಸು, ಇವತ್ತೆಷ್ಟು ಮೇಡಂ?" ಎಂದು ಕೇಳಿದ. ತಪ್ಪು ಅವನದಲ್ಲ.

ನಾನು ಮೊದಲ ಮನೆಯ ಬಾಗಿಲು ಬಡಿದೆ. ಪುಸ್ತಕ ತೆರೆದು ತೋರಿಸಿದೆ. "ಮೊನ್ನೆ ಕೂಗಿದ್ದು ಡಬ್ಬಿಯ ತಪ್ಪಲ್ಲ. ಕಂಬ ಎಳೆದವನು ನಾನು. ಡಬ್ಬಿ ನಿಜ ಹೇಳುತ್ತೆ. ಹೊರಡಿ." ಎರಡನೇ ಮನೆ. ಮೂರನೇ ಮನೆ. ಪ್ರತಿ ಬಾಗಿಲಲ್ಲೂ ಅದೇ ಮಾತು. ಮೊದಲ ಬಾಗಿಲಲ್ಲಿ ನಾಲಿಗೆ ಸುಟ್ಟ ಹಾಗಾಯಿತು. ಐದನೇದರ ಹೊತ್ತಿಗೆ ಬರೀ ಬಿಸಿ. ಒಬ್ಬಾಕೆ, "ನಿಮ್ಮಿಂದ ನನ್ನ ಕೂಸಿಗೆ ಮೂರು ದಿನ ಜ್ವರ ಬಂತಲ್ಲ!" ಎಂದು ಉಗಿದಳು. ಉಗಿಸಿಕೊಂಡೆ. ಉಗಿದು, ಕೂಸನ್ನು ಎತ್ತಿಕೊಂಡು ಹೊರಟಳು. ಅಷ್ಟು ಸಾಕು.

ಕಡೆಗೆ ಟೈಲರ್ ಮನೆ. ಬೀದಿಯಲ್ಲಿ ಅರ್ಧ ಜನ ಇನ್ನೂ ಅವನ ಮುಖ ನೋಡುತ್ತಾ ನಿಂತಿದ್ದರು. ಅವನು ಹೊಲಿಗೆ ಮೆಷಿನ್ ಮುಂದಿನಿಂದ ಏಳಲೇ ಇಲ್ಲ. ನಾನು ಹೇಳಿದೆ.

ಮೆಷಿನ್ ತುಳಿಯುವುದನ್ನು ನಿಲ್ಲಿಸಿದ. "ಏನಂದೆ? ಇನ್ನೊಂದ್ಸಲ ಹೇಳು."

"ತಪ್ಪು ನನ್ನದು ಅಂದೆ. ಕಿವಿಯಲ್ಲೂ ನೂಲು ತುಂಬಿದೆಯಾ?"

ಎದ್ದು ಬಾಗಿಲಿಗೆ ಬಂದ. ಬೀದಿಗೆಲ್ಲ ಕೇಳುವ ಹಾಗೆ, "ಕೇಳಿದ್ರೇನ್ರಯ್ಯಾ! ನಮ್ಮನೆ ಮೆಟ್ಟಿಲು ಸೊಟ್ಟ ಕಟ್ಟಿ, ಸೊಟ್ಟ ಇರೋದು ನಿನ್ನ ಕಾಲು ಅಂದೋನು ಈ ಮನುಷ್ಯ. ಮೂವತ್ತು ವರ್ಷದಲ್ಲಿ ಒಂದಿನ ತಪ್ಪು ಒಪ್ಪಿಲ್ಲ. ಇವನೇ ಮನೆ ಮನೆಗೆ ಹೋಗಿ ತಪ್ಪಾಯ್ತು ಅಂತಿದಾನೆ ಅಂದ್ರೆ ಗುಡ್ಡ ಬರೋದು ಗ್ಯಾರಂಟಿ. ನಡೀರಿ, ನಡೀರಿ!" ಎಂದ.

ಜನ ನಕ್ಕರು. ನಗುತ್ತಲೇ ಗಂಟುಮೂಟೆಗೆ ಕೈ ಹಾಕಿದರು. ಮೈಕಿಗೆ ಆಗದ್ದು ಅವನ ನಾಲಿಗೆಗೆ ಆಯಿತು.

ಮೆಟ್ಟಿಲು ಸೊಟ್ಟ ಇಲ್ಲ. ಇಲ್ಲಿ ಬರೆದಿಡುತ್ತೇನೆ. ರಸಮಟ್ಟ ಇಟ್ಟು ಕಟ್ಟಿದ್ದು.

ಮೆಷಿನ್ ಬಿಟ್ಟು ಬರಲ್ಲ ಅಂತ ಹಟ ಹಿಡಿದ. ಮೇಲಿನ ಭಾಗ ಬಿಚ್ಚಿ ಚಾದರಕ್ಕೆ ಸುತ್ತಿ, ಈ ಕಡೆ ಅವನು ಆ ಕಡೆ ನಾನು. ಇಬ್ಬರಿಗೂ ಸೇರಿ ನೂರಾ ನಲವತ್ತು ವಯಸ್ಸು. ದಾರಿಯುದ್ದಕ್ಕೂ, "ನೆಟ್ಟಗೆ ಹಿಡಿ ಮೇಸ್ತ್ರಿ, ವಾಲ್ತಿದೆ," ಅಂತ ಚುಚ್ಚಿದ. ಬೀಳಿಸಲಿಲ್ಲ, ಅದೇ ದೊಡ್ಡದು.

ಸೊಸೆ ಶಾಲೆಯ ಬಾಗಿಲಲ್ಲಿ ನಿಂತು ಆ್ಯಪಿನ ಪಟ್ಟಿಯಲ್ಲಿ ಬಂದವರ ಹೆಸರಿಗೆ ಹಸಿರು ಗುರುತು ಹಾಕುತ್ತಿದ್ದಾಳೆ. ಹದಿನಾಲ್ಕು ಮನೆ. ಐವತ್ತೊಂದು ಜನ. ಐವತ್ತೊಂದೂ ಹಸಿರು.

ಜೂನ್ 24

ನಿನ್ನೆ ಮಧ್ಯಾಹ್ನ ಮೂರು ನಲವತ್ತಕ್ಕೆ ಬಂತು.

ಸದ್ದು ಕೇಳಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ಮುಗಿಯದೇ ಸುರಿದ ಹಾಗೆ.

ನಮ್ಮ ಮನೆ ಇಲ್ಲ. ಅದರ ಕೆಳಗಿನ ಮೂರು ಮನೆ ಇಲ್ಲ. ಟೈಲರ್ ಮನೆಯ ಅರ್ಧ ಇದೆ. ಮೆಟ್ಟಿಲು ಇದೆ.

ನಾನೇ ಕಟ್ಟಿದ ಮನೆ. ಒಂದೊಂದು ಕಲ್ಲೂ ಗೊತ್ತು. ಅಳು ಬರಬೇಕಿತ್ತು. ಐವತ್ತೊಂದು ತಲೆ ಮತ್ತೆ ಎಣಿಸಿದೆ. ಎರಡು ಸಲ ಎಣಿಸಿದೆ. ಬರಲಿಲ್ಲ.

ಜೂನ್ 27

ಶಾಲೆಯಲ್ಲೇ ಇದ್ದೇವೆ. ಇಲ್ಲಿಯ ಗೋಡೆ ಬೆರಳಿನ ಕಾಲು ಭಾಗ ಹೊರಕ್ಕೆ ವಾಲಿದೆ. ಯಾರಿಗೂ ಹೇಳಿಲ್ಲ.

ಮಗ ಬಂದ. ಲಾರಿ ಓಡಿಸುವವನು, ಆವತ್ತು ಎರಡು ದಿನದ ದಾರಿಯಾಚೆ ಇದ್ದ. ಸುದ್ದಿ ನೋಡಿ ಫೋನು ಹಚ್ಚಿದರೆ ಯಾರಿಗೂ ಸಿಗ್ನಲ್ ಇಲ್ಲ. ಆಗ ಆ್ಯಪಿನಲ್ಲಿ ಆ ಪಟ್ಟಿ ತೆರೆದನಂತೆ. "ಅಪ್ಪಾ, ನಿನ್ನ ಹೆಸರಿನ ಮುಂದೆ ಹಸಿರು ಕಂಡಿತು. ಲಾರಿ ಬದಿಗೆ ನಿಲ್ಲಿಸಿ ಅರ್ಧ ತಾಸು ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ," ಎಂದ. ಎಲ್ಲರನ್ನೂ ನೋಡಿ ಆಮೇಲೆ ಹೊರಗೆ ಹೋಗಿ ಮೂಗು ಒರೆಸಿಕೊಂಡ. ನಾನು ನೋಡದ ಹಾಗೆ ಇದ್ದೆ.

ನಿನ್ನೆ ಡ್ರೋನ್ ಹಾರಿಸಿದರು. ಗುಡ್ಡದ ಮೇಲೆ ಇನ್ನೆಲ್ಲಿ ಬಿರುಕಿದೆ ಅಂತ ಚಿತ್ರ ತೆಗೆದು ಗೋಡೆಗೆ ಹಚ್ಚಿದ್ದಾರೆ. ಆ ಕಡೆಯ ಏಳು ಮನೆಗೆ ಭಯವಿಲ್ಲ, ಬಿಸಿಲು ಬಿದ್ದ ಮೇಲೆ ಹೋಗಬಹುದು. ನಮಗೆ ಕೆಳಗಿನ ಬಯಲಲ್ಲಿ ತಾತ್ಕಾಲಿಕ ಕೋಣೆ. ಡಬ್ಬಿಯಮ್ಮ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು, ಬಾಯಿ ತೆರೆದುಕೊಂಡು. ಇವಳು ತನ್ನ ಶಾಲು ಹೊದಿಸಿದಳು. ನನಗೆ ಕೊಡದ ಶಾಲು.

ಬೀದಿಯವರೆಲ್ಲ ಆ್ಯಪ್ ಮತ್ತೆ ಹಾಕಿಸಿಕೊಂಡರು. ಟೈಲರ್ ಎಲ್ಲರಿಗಿಂತ ಮುಂದೆ. ಸೊಸೆಯ ಮುಂದೆ ಸಾಲು.

ಜುಲೈ 5

ಡಬ್ಬಿಯಮ್ಮ ಒಂದು ಕೆಲಸ ಕೊಟ್ಟಿದ್ದಾರೆ. ಉಳಿದ ಗುಡ್ಡಕ್ಕೆ ಹೊಸದಾಗಿ ಐದು ಕಂಬ. ಗುಂಡಿ ತೋಡಿ ನೆಟ್ಟಗೆ ನಿಲ್ಲಿಸುವ ಜವಾಬ್ದಾರಿ ನನ್ನದಂತೆ.

"ನಿಲ್ಲಿಸಿದ ಮೇಲೆ?" ಎಂದು ಕೇಳಿದೆ.

"ನಿಲ್ಲಿಸಿದ ಮೇಲೆ ಹತ್ತು ಹೆಜ್ಜೆ ದೂರ. ಸೊಟ್ಟಗಾದ್ರೆ ನೋಡಿ, ಬರೀರಿ, ನನಗೆ ಫೋನ್ ಮಾಡಿ. ಕೈ ಬೆನ್ನ ಹಿಂದೆ ಕಟ್ಕೊಂಡು."

"ಕಷ್ಟ ಇದೆ ಅಮ್ಮಾ."

"ಗೊತ್ತು. ಅದಕ್ಕೇ ನಿಮಗೇ ಕೊಟ್ಟಿದ್ದು."

ಜುಲೈ 11, ಬೆಳಿಗ್ಗೆ ಎಂಟು

ಇವತ್ತು ಕಂಬದ ಕೆಲಸ. ವ್ಯಾನು ಎಂಟೂವರೆಗೆ ಬರುತ್ತದೆ. ಹಾರೆ, ಗುದ್ದಲಿ, ದಾರ ಎಲ್ಲಾ ಹೊಸದು, ಮಗ ತಂದುಕೊಟ್ಟಿದ್ದು.

ಆಯಮ್ಮನಿಗೆ ಒಂದು ಮಾತು ಹೇಳಬೇಕು. ಹದಿನೆಂಟು ದಿನದಿಂದ ಹೇಳಬೇಕು ಹೇಳಬೇಕು ಅಂದುಕೊಂಡೆ. ಎದುರಿಗೆ ಬಂದರೆ ಗುಂಡಿಯ ಆಳ, ಜಲ್ಲಿಯ ಅಳತೆ, ಇಂಥದ್ದೇ ಬಾಯಿಗೆ ಬರುತ್ತದೆ. ಸೊಸೆ, "ಥ್ಯಾಂಕ್ಸ್ ಅಂತ ಒಂದು ಮೆಸೇಜ್ ಹಾಕಿ ಬಿಡಿ ಮಾವ, ಕೈ ಮುಗಿಯೋ ಚಿತ್ರ ನಾನು ಒತ್ತಿ ಕೊಡ್ತೀನಿ," ಎಂದಳು. ಗೇಟು ತೆಗೆದುಕೊಟ್ಟವರಿಗೂ ಥ್ಯಾಂಕ್ಸ್ ಅನ್ನುತ್ತಾರೆ. ಇದು ಅಷ್ಟರದ್ದಲ್ಲ.

ಇಲ್ಲೇ ಬರೆದು ಬಾಯಿಪಾಠ ಮಾಡಿಕೊಳ್ಳೋಣ ಅಂತ ಕೂತೆ. ನಿಮ್ಮ ಉಪಕಾರ ಮರೆಯೋದಿಲ್ಲ — ಭಾಷಣದ ಹಾಗಿದೆ, ಹೊಡೆದು ಹಾಕಿದೆ. ನಮ್ಮ ಬೀದಿಯ ಪರವಾಗಿ — ಬೀದಿ ನನ್ನನ್ನೇನು ಕಳಿಸಿಲ್ಲ. ಹೊಡೆದು ಹಾಕಿದೆ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗುಡ್ಡ ಬಂದದ್ದು ಮೂರು ನಲವತ್ತಕ್ಕೆ. ದಿನಾ ಆ ಹೊತ್ತಿಗೆ ಇವಳು ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮಳೆ ಬಂದರೂ ತಗಡಿನ ಕೆಳಗೆ ಕೂತು ಒಗೆಯುತ್ತಿದ್ದಳು. ಮೂವತ್ತೆಂಟು ವರ್ಷದಿಂದ ಅದೇ ಹೊತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಇವಳ ಹತ್ತಿರವೂ ಎತ್ತಿಲ್ಲ. ಇವಳೂ ಎತ್ತಿಲ್ಲ. ಗೊತ್ತಿಲ್ಲದೇ ಇರುತ್ತದೆಯೇ.

ಅದನ್ನೇ ಹೇಳಬೇಕು. ಅಮ್ಮಾ, ಇವಳು ಈಗ ಈ ಕೋಣೆಯ ಬಾಗಿಲಲ್ಲಿ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. ನನ್ನನ್ನು ಬೈಯುತ್ತಾ. ಸೂಜಿಗೆ ದಾರ ಪೋಣಿಸಲಾಗದೆ ಟೈಲರನ್ನೂ ಸೇರಿಸಿ ಬೈಯುತ್ತಾ. ನಾನು ಈ ಕಡೆ ಕೂತು ಕೇಳುತ್ತಿದ್ದೇನೆ. ಅಷ್ಟೇ ಅಮ್ಮಾ. ಇದನ್ನು ಕೊಟ್ಟದ್ದು ನೀವು.

ವ್ಯಾನಿನ ಸದ್ದು. ಹತ್ತು ನಿಮಿಷ ಬೇಗ ಬಂದರು. ಇವಳು ಕೂಗುತ್ತಿದ್ದಾಳೆ, ಬನಿಯನ್ನಲ್ಲೇ ಓಡಬೇಡಿ, ಅಂಗಿ ಹಾಕ್ಕೊಳ್ಳಿ, ಒಂದು ಗುಂಡಿ ಬಾಕಿ ಇದೆ ಅಂತ. ಬಂದೆ ಕಣೇ, ಬಂ